ರೋಮ್‌ನ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸಿದವರು ಯಾರು?

ಬಳಪ | ಭಾನುವಾರ ಸಂಜೆ

ನಾನು ಒಂದನೇ ತರಗತಿ ಮಕ್ಕಳಿಗೆ ಪಾಠ ಹೇಳುವವಳು. ಮೊನ್ನೆ ಏಳನೇ ತರಗತಿಯ ಹುಡುಗಿಯೊಬ್ಬಳು ಬಂದು, "ಮಿಸ್, ರೋಮ್‌ನಲ್ಲಿ ಸ್ಕೂಲ್ ಇತ್ತಾ? ನಮ್ಮ ಪಾಠದಲ್ಲಿ ಬರೀ ಯುದ್ಧ, ರಸ್ತೆ, ಚಕ್ರವರ್ತಿ ಅಷ್ಟೇ ಇದೆ" ಅಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ದೊಡ್ಡವರ ಮಕ್ಕಳು ಭಾಷಣ ಮಾಡೋದನ್ನ ಕಲಿಯುತ್ತಿದ್ದರು ಅಂತ ಎಲ್ಲೋ ಓದಿದ ನೆನಪು. ಆದರೆ ಸಿಸೆರೊನಂಥ ಭಾಷಣಕಾರನೂ ಒಂದು ದಿನ ಮೊದಲ ಅಕ್ಷರ ತಿದ್ದಿರಬೇಕಲ್ವಾ? ಅದನ್ನು ತಿದ್ದಿಸಿದ್ದು ಯಾರು? ಎಲ್ಲಿ ಕೂರಿಸಿ, ಯಾವುದರ ಮೇಲೆ ಬರೆಸಿ? ಅವರಿಗೆ ಸಂಬಳ ಎಷ್ಟಿತ್ತು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಆ ಹುಡುಗಿಗೆ ಹೇಳಬೇಕು.

ತುಂಗಾತೀರ | ಭಾನುವಾರ ರಾತ್ರಿ

ಒಳ್ಳೆ ಪ್ರಶ್ನೆ. ರೋಮ್‌ನಲ್ಲಿ ಸರಕಾರಿ ಶಾಲೆ ಅಂತ ಇರಲಿಲ್ಲ. ಮಕ್ಕಳನ್ನು ಓದಿಸಲೇಬೇಕು ಅನ್ನೋ ಕಾನೂನೂ ಇರಲಿಲ್ಲ. ಓದಿಸೋದು ಬಿಡೋದು ಅಪ್ಪನ ಇಷ್ಟ. ಅಕ್ಷರ ಬಲ್ಲವನೊಬ್ಬ ಚಿಕ್ಕ ಮಳಿಗೆ ಬಾಡಿಗೆಗೆ ಹಿಡಿದು, ಇಲ್ಲವೇ ಪೇಟೆಯ ಕಂಬಸಾಲಿನ ನೆರಳಲ್ಲಿ ನಾಲ್ಕು ಬೆಂಚು ಹಾಕಿದರೆ ಅದೇ ಶಾಲೆ. ಬೀದಿಗೂ ಶಾಲೆಗೂ ನಡುವೆ ಹೆಚ್ಚೆಂದರೆ ಒಂದು ಪರದೆ. ಮಕ್ಕಳಿಗೆ ಡೆಸ್ಕ್ ಇಲ್ಲ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯಬೇಕು. ತಿಂಗಳಿಗೆ ಇಷ್ಟು ಅಂತ ಅಪ್ಪಂದಿರು ಕೊಟ್ಟ ಫೀಸೇ ಮೇಷ್ಟ್ರ ಸಂಪಾದನೆ. ನಮ್ಮಲ್ಲಿ ಹಿಂದೆ ಇದ್ದ ಕೂಲಿಮಠ ನೆನಪಿಸಿಕೊಂಡರೆ ಚಿತ್ರ ಬೇಗ ಕಣ್ಣಿಗೆ ಕಟ್ಟುತ್ತೆ.

ಏಳು ವರ್ಷದ ಹೊತ್ತಿಗೆ ಮಗು 'ಲೂಡಸ್'ಗೆ ಹೋಗುತ್ತಿತ್ತು. ಲ್ಯಾಟಿನ್‌ನಲ್ಲಿ ಆಟಕ್ಕೂ ಶಾಲೆಗೂ ಇದೇ ಪದ. ಅಲ್ಲಿ ಓದು, ಬರಹ, ಲೆಕ್ಕ. ಹನ್ನೊಂದು ಹನ್ನೆರಡರ ಹೊತ್ತಿಗೆ, ಅನುಕೂಲ ಇದ್ದರೆ 'ಗ್ರಮಾಟಿಕಸ್' ಹತ್ತಿರ ಗ್ರೀಕ್ ಮತ್ತು ಲ್ಯಾಟಿನ್ ಕಾವ್ಯ. ಅದನ್ನೂ ದಾಟಿದ ಕೆಲವೇ ಹುಡುಗರು 'ರೆಟರ್' ಹತ್ತಿರ ವಾದ, ಭಾಷಣ ಕಲಿಯುತ್ತಿದ್ದರು. ಬಹುಪಾಲು ಮಕ್ಕಳು ಮೊದಲ ಮೆಟ್ಟಿಲನ್ನೂ ಹತ್ತಲಿಲ್ಲ. ಓದು ಬರಹ ಬಲ್ಲವರು ನೂರಕ್ಕೆ 15ರ ಒಳಗೇ ಇದ್ದರು ಅಂತ ಇತಿಹಾಸಕಾರ ವಿಲಿಯಂ ಹ್ಯಾರಿಸ್ 1989ರಲ್ಲಿ ಅಂದಾಜು ಮಾಡಿದರು. ಆ ಅಂಕಿಯ ಬಗ್ಗೆ ಈಗಲೂ ಚರ್ಚೆ ಇದೆ.

ಅಕ್ಷರ ಕಲಿಸುವ ಕ್ರಮ ನಿಮಗೆ ಇಷ್ಟವಾಗಬಹುದು. ಮೊದಲು ಅಕ್ಷರಮಾಲೆ ಸರಿಯಾದ ಕ್ರಮದಲ್ಲಿ. ಆಮೇಲೆ ಹಿಂದುಮುಂದಾಗಿ. ಬಾಯಿಪಾಠದ ಬಲದಲ್ಲಿ ಹೇಳುತ್ತಿದ್ದಾನೋ, ಅಕ್ಷರದ ರೂಪ ಗುರುತಿಸಿ ಹೇಳುತ್ತಿದ್ದಾನೋ ಅಂತ ನೋಡೋದಕ್ಕೆ. ಆಮೇಲೆ ಬಾ, ಬೇ, ಬೀ, ಬೋ ಅಂತ ಉಚ್ಚಾರದ ತುಂಡುಗಳು, ನಮ್ಮ ಕಾಗುಣಿತದ ಹಾಗೆ. ಆಮೇಲೆ ಹೆಸರುಗಳು. ಕೊನೆಗೆ ನೀತಿಯ ಒಂದೊಂದು ಸಾಲು.

ಹೊಸಓದುಗ | ಭಾನುವಾರ ರಾತ್ರಿ

ಹಲಗೆ ಅಂದರೆ ಸ್ಲೇಟಾ? ಮೇಣದ ಮೇಲೆ ಬರೆಯುತ್ತಿದ್ದರು ಅಂತ ಕೇಳಿದ್ದೆ. ಮೇಣದ ಮೇಲೆ ಬರೆದದ್ದು ಉಳಿಯುತ್ತಾ?

ತುಂಗಾತೀರ | ಭಾನುವಾರ ರಾತ್ರಿ

ಮರದ ಹಲಗೆ. ನಾಲ್ಕೂ ಅಂಚು ಬಿಟ್ಟು ನಡುವೆ ಸ್ವಲ್ಪ ತಗ್ಗು ಕೆತ್ತಿ ಅದರಲ್ಲಿ ತೆಳ್ಳಗೆ ಮೇಣ ಎರೆದಿರುತ್ತಾರೆ. ಬರೆಯುವ ಕಡ್ಡಿ ಕಬ್ಬಿಣದ್ದೋ ಕಂಚಿನದ್ದೋ ಮೂಳೆಯದ್ದೋ. ಒಂದು ತುದಿ ಚೂಪು, ಇನ್ನೊಂದು ತುದಿ ಚಪ್ಪಟೆ. ತಪ್ಪಾದರೆ ಕಡ್ಡಿ ತಿರುಗಿಸಿ ಚಪ್ಪಟೆ ತುದಿಯಿಂದ ಮೇಣ ಸವರಿದರೆ ಆಯ್ತು. ಹೊರೇಸ್ ಅನ್ನೋ ಕವಿ ಬರೆಯುವವರಿಗೆ ಕೊಟ್ಟ ಸಲಹೆಯೇ "ಕಡ್ಡಿ ಆಗಾಗ ತಿರುಗಿಸು" ಅಂತ. ಅಳಿಸಿ ತಿದ್ದು ಅಂತ ಅರ್ಥ.

ಉಳಿಯುತ್ತಾ ಅಂದಿರಿ. ಉಳಿದಿದೆ! ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಈಜಿಪ್ಟಿನಿಂದ ಬಂದ ಒಂದು ಮೇಣದ ಹಲಗೆ ಇದೆ. ರೋಮನ್ನರ ಆಳ್ವಿಕೆಯ ಕಾಲದ್ದು, ಕ್ರಿ.ಶ. 2ನೇ ಶತಮಾನ. ಮೇಲೆ ಮೇಷ್ಟ್ರು ಗ್ರೀಕ್‌ನಲ್ಲಿ ಎರಡು ಸಾಲು ಚಂದವಾಗಿ ಬರೆದುಕೊಟ್ಟಿದ್ದಾರೆ. ತಿಳಿದವನಿಂದ ಸಲಹೆ ತಗೋ, ಗೆಳೆಯರನ್ನೆಲ್ಲ ಸುಮ್ನೆ ನಂಬಬೇಡ ಅಂತ. ಕೆಳಗೆ ಹುಡುಗ ಅದನ್ನೇ ಎರಡು ಸಲ ನಕಲು ಮಾಡಿದ್ದಾನೆ. ಮೊದಲ ಅಕ್ಷರವನ್ನೇ ಬಿಟ್ಟಿದ್ದಾನೆ. ಸಾಲಿನ ಕೊನೆಗೆ ಬರುವಾಗ ಜಾಗ ಸಾಲದೆ ಅಕ್ಷರ ಒತ್ತಿಕೊಂಡಿವೆ.

ಬಳಪ | ಸೋಮವಾರ ಬೆಳಗ್ಗೆ

ಜಾಗ ಸಾಲದೆ ಒತ್ತಿಕೊಂಡ ಅಕ್ಷರ! ನನ್ನ ತರಗತಿಯಲ್ಲಿ ದಿನಾ ನೋಡುತ್ತೇನೆ. ಸಾಲಿನ ಅಂಚಿಗೆ ಬಂದಾಗ ಮಗುವಿನ ಮುಖದಲ್ಲಿ ಬರುವ ಗಾಬರಿ ನನಗೆ ಚೆನ್ನಾಗಿ ಗೊತ್ತು. ಹತ್ತೊಂಬತ್ತು ಶತಮಾನದ ಹಿಂದಿನ ಆ ಹುಡುಗ ಎದುರಿಗೆ ಕೂತ ಹಾಗಾಯಿತು.

ಮಲೆನಾಡಹುಡುಗ | ಸೋಮವಾರ ಮಧ್ಯಾಹ್ನ

ಹೊಡೆತದ ಬಗ್ಗೆ ಯಾರೂ ಹೇಳಲಿಲ್ಲ. ರೋಮ್‌ನ ಶಾಲೆ ಅಂದರೆ ಬೆತ್ತವೇ. ಪೊಂಪೈ ನಗರದಲ್ಲಿ ಜೂಲಿಯಾ ಫೆಲಿಕ್ಸ್ ಅನ್ನುವವಳ ಮನೆಯಲ್ಲಿ ಪೇಟೆಯ ಚಿತ್ರಗಳು ಸಿಕ್ಕಿವೆ. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಊರು ಅದು. ಒಂದು ಚಿತ್ರದಲ್ಲಿ ಕಂಬಸಾಲಿನ ಕೆಳಗೆ ಶಾಲೆ. ಒಬ್ಬ ಹುಡುಗನನ್ನು ಇನ್ನೊಬ್ಬ ಹುಡುಗ ಬೆನ್ನ ಮೇಲೆ ಹೊತ್ತು ಕೈ ಹಿಡಿದಿದ್ದಾನೆ. ಮತ್ತೊಬ್ಬ ಕಾಲು ಹಿಡಿದಿದ್ದಾನೆ. ಹಿಂದಿನಿಂದ ಒಬ್ಬ ಹೊಡೆಯುತ್ತಿದ್ದಾನೆ. ಪಕ್ಕದಲ್ಲೇ ಮೂವರು ಮಕ್ಕಳು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ತಲೆ ಎತ್ತದೆ ಕೂತಿದ್ದಾರೆ. ಆ ಮೂವರನ್ನು ನೋಡಿದರೆ ನನಗೆ ಹೆಚ್ಚು ಸಂಕಟ. ನಾನು ಅವರ ಹಾಗೆ ಕೂತವನು. ನಮ್ಮೂರ ಶಾಲೆಯಲ್ಲಿ ಗೆಳೆಯನಿಗೆ ಏಟು ಬೀಳುವಾಗ ಪುಸ್ತಕದಿಂದ ಕಣ್ಣು ಎತ್ತುತ್ತಿರಲಿಲ್ಲ. ಎತ್ತಿದರೆ ಮುಂದಿನ ಸರದಿ ನನ್ನದು ಅನ್ನೋ ಭಯ.

ಸಂತ ಅಗಸ್ಟೀನ್ ಹುಟ್ಟಿದ್ದು ಕ್ರಿ.ಶ. 354ರಲ್ಲಿ, ಉತ್ತರ ಆಫ್ರಿಕದಲ್ಲಿ. ಚಿಕ್ಕವನಿದ್ದಾಗ ದೇವರಲ್ಲಿ ಅವನು ಬೇಡಿಕೊಂಡದ್ದು ಶಾಲೆಯಲ್ಲಿ ಏಟು ಬೀಳದಿರಲಿ ಅಂತ. ದೊಡ್ಡವರು, ಹೆತ್ತವರು ಕೂಡ, ಅದನ್ನು ಕೇಳಿ ನಕ್ಕರಂತೆ. ನಡುವಯಸ್ಸಿನಲ್ಲಿ ತನ್ನ ಕತೆ ಬರೆಯುವಾಗಲೂ ಆ ನಗು ಅವನಿಗೆ ಮರೆತಿರಲಿಲ್ಲ.

ಶಿಸ್ತುಮುಖ್ಯ | ಸೋಮವಾರ ಮಧ್ಯಾಹ್ನ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಹೊರೇಸ್‌ನ ಮೇಷ್ಟ್ರು ಆರ್ಬಿಲಿಯಸ್ ಹೊಡೆತಕ್ಕೆ ಹೆಸರಾದವನು. ಹಳೇ ಲ್ಯಾಟಿನ್ ಕಾವ್ಯವನ್ನು ಹೊಡೆದೇ ಉಕ್ತಲೇಖನ ಬರೆಸಿದ ಅಂತ ಹೊರೇಸ್ ಹೇಳಿದ್ದಾನೆ. ಆದರೆ ಹೊರೇಸ್ ಎಂಥ ಕವಿಯಾದ! ಆ ಶಿಸ್ತಿಗೂ ಒಂದು ಪಾಲು ಕೊಡಬೇಡವೇ?

ಅರಳೀಕಟ್ಟೆ | ಸೋಮವಾರ ಸಂಜೆ

ಹೊರೇಸ್ ಯಾರಿಗೆ ಪಾಲು ಕೊಟ್ಟ ಅಂತ ಅವನ ಬಾಯಲ್ಲೇ ಕೇಳೋಣ. ಆರ್ಬಿಲಿಯಸ್‌ಗೆ ಕೊಡಲಿಲ್ಲ. ಅಪ್ಪನಿಗೆ ಕೊಟ್ಟ.

ಅವನ ಅಪ್ಪ ಹಿಂದೆ ಗುಲಾಮ, ಆಮೇಲೆ ಬಿಡುಗಡೆಯಾದವನು. ದಕ್ಷಿಣ ಇಟಲಿಯ ವೆನೂಸಿಯಾದಲ್ಲಿ ತುಂಡು ಜಮೀನು, ಹರಾಜಿನಲ್ಲಿ ಹಣ ವಸೂಲಿ ಮಾಡೋ ಕೆಲಸ. ಊರಲ್ಲಿ ಫ್ಲೇವಿಯಸ್ ಅನ್ನುವವನ ಶಾಲೆ ಇತ್ತು. ದೊಡ್ಡ ಸೈನ್ಯಾಧಿಕಾರಿಗಳ ಮಕ್ಕಳು ಎಡತೋಳಿಗೆ ಚೀಲ, ಹಲಗೆ ನೇತುಹಾಕಿಕೊಂಡು ತಿಂಗಳ ಫೀಸು ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಈ ಅಪ್ಪ ಮಗನನ್ನು ಅಲ್ಲಿಗೆ ಸೇರಿಸದೆ ನೇರ ರೋಮ್‌ಗೆ ಕರೆದುಕೊಂಡು ಹೋದ. ಶ್ರೀಮಂತರ ಮಕ್ಕಳು ಕಲಿಯೋದನ್ನೇ ಕಲಿಸಿದ. ಅಲ್ಲಿ ಸಿರಿವಂತರ ಮಕ್ಕಳ ಜೊತೆ ಒಬ್ಬ ಗುಲಾಮ ಕಾವಲಿಗೆ ಹೋಗುತ್ತಿದ್ದ. ಹೊರೇಸ್ ಜೊತೆ ಅಪ್ಪನೇ ಹೋದ. ಒಬ್ಬೊಬ್ಬ ಮೇಷ್ಟ್ರ ಹತ್ತಿರಕ್ಕೂ, ದಿನಾ. ಮಗ ದೊಡ್ಡವನಾಗಿ ತನ್ನ ಹಾಗೇ ವಸೂಲಿ ಕೆಲಸಕ್ಕೆ ಬಂದರೂ ಅಪ್ಪನಿಗೆ ಬೇಸರವಿರಲಿಲ್ಲ, ನನಗೂ ದೂರಿರಲಿಲ್ಲ ಅಂತಾನೆ ಹೊರೇಸ್. ಇನ್ನೊಂದು ಸಲ ತಂದೆತಾಯಿಯನ್ನು ಆರಿಸಿಕೋ ಅಂದರೂ ಇವರೇ ಸಾಕು ಅಂತಾನೆ.

ಒಬ್ಬ ಅಪ್ಪ ಬಿಸಿಲಲ್ಲಿ ಮಗನ ಚೀಲದ ಪಕ್ಕ ನಡೆದದ್ದು ಬೆತ್ತಕ್ಕಿಂತ ಜಾಸ್ತಿ ಕೆಲಸ ಮಾಡಿದೆ. ನಾನು ಹಾಗೆ ನಂಬುತ್ತೇನೆ.

ತುಂಗಾತೀರ | ಸೋಮವಾರ ರಾತ್ರಿ

ಅರಳೀಕಟ್ಟೆಯವರ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಆರ್ಬಿಲಿಯಸ್ ಬಗ್ಗೆಯೂ ಎರಡು ಮಾತು ಹೇಳಬೇಕು. ಅವನು ಬೆನೆವೆಂಟಂ ಊರಿನವನು. ಒಂದೇ ದಿನ ಅಪ್ಪ ಅಮ್ಮ ಇಬ್ಬರನ್ನೂ ವೈರಿಗಳು ಕೊಂದರು. ಚಿಕ್ಕಪುಟ್ಟ ಚಾಕರಿ ಮಾಡಿದ, ಸೈನ್ಯದಲ್ಲಿ ದುಡಿದ. ಐವತ್ತನೇ ವಯಸ್ಸಿನಲ್ಲಿ, ಕ್ರಿ.ಪೂ. 63ರಲ್ಲಿ, ರೋಮ್‌ಗೆ ಬಂದು ಪಾಠ ಹೇಳತೊಡಗಿದ. ಹೆಸರು ಬಂತು, ಹಣ ಬರಲಿಲ್ಲ. ಮುಪ್ಪಿನಲ್ಲಿ ಹೆಂಚಿನ ಕೆಳಗಿನ ಅಟ್ಟದಲ್ಲಿ ಬಡತನದಲ್ಲಿ ಬದುಕಿದ. ಹೆತ್ತವರ ಅಲಕ್ಷ್ಯದಿಂದ, ಅತಿಯಾಸೆಯಿಂದ ಮೇಷ್ಟ್ರುಗಳು ಪಡುವ ಪಾಡಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಇದನ್ನೆಲ್ಲ ಹೇಳಿರೋದು ಸುಯೆಟೋನಿಯಸ್ ಅನ್ನೋ ರೋಮನ್ ಲೇಖಕ. ಹೊಡೆದದ್ದು ತಪ್ಪೇ. ಆದರೆ ಆ ಅಟ್ಟದ ಮನೆಯನ್ನೂ ನಾವು ನೋಡಬೇಕು.

ಹೊಡೆತ ಬೇಡ ಅಂತ ಆಗಲೇ ಗಟ್ಟಿಯಾಗಿ ಹೇಳಿದವನು ಕ್ವಿಂಟಿಲಿಯನ್. ಇವತ್ತಿನ ಸ್ಪೇನ್‌ನಲ್ಲಿರುವ ಕಲಗುರಿಸ್‌ನಲ್ಲಿ ಹುಟ್ಟಿ ರೋಮ್‌ನಲ್ಲಿ ದೊಡ್ಡ ಗುರುವಾದವನು. ಕ್ರಿ.ಶ. 95ರ ಸುಮಾರಿಗೆ ಶಿಕ್ಷಣದ ಬಗ್ಗೆ 12 ಭಾಗಗಳ ಪುಸ್ತಕ ಬರೆದ. ಮೇಷ್ಟ್ರು ಮಗುವಿನ ಪಕ್ಕ ಕೂತು ಗಮನ ಕೊಟ್ಟರೆ ಹೊಡೆಯುವ ಪ್ರಸಂಗವೇ ಬರಲ್ಲ ಅಂತಾನೆ. ಹೊಡೆತ ತಿಂದ ಮಗು ಮೊಂಡಾಗುತ್ತೆ, ನಾಚಿಕೆಯಿಂದ ಬೆಳಕಿಗೇ ಬರದ ಹಾಗೆ ಕುಗ್ಗುತ್ತೆ ಅಂತಾನೆ. ಪುಟ್ಟ ಮಕ್ಕಳಿಗೆ ದಂತದ ಅಕ್ಷರ ಕೊಡಿ, ಮುಟ್ಟಿ ಆಡಲಿ. ಹಲಗೆಯಲ್ಲಿ ಅಕ್ಷರ ಕೆತ್ತಿ ಕೊಡಿ, ಕಡ್ಡಿ ಆ ಗೆರೆಯೊಳಗೇ ಓಡಲಿ, ಕೈ ಜಾರಲ್ಲ. ಬಳಪ ಅವರೇ, ನೀವು ಮಾಡಿಸೋದೂ ಇದೇ ಅಲ್ವಾ?

ಅರಳೀಕಟ್ಟೆ | ಸೋಮವಾರ ರಾತ್ರಿ

ಕ್ವಿಂಟಿಲಿಯನ್ ಬಗ್ಗೆ ನನಗೂ ಗೌರವ. ಆದರೆ ಅವನ ಮೊದಲ ಕಾರಣ ಏನು ನೋಡಿ. ಹೊಡೆತ ಗುಲಾಮರಿಗೆ ತಕ್ಕದ್ದು, ನಮ್ಮ ಮಕ್ಕಳಿಗಲ್ಲ ಅಂತ. ಅಷ್ಟು ಮೃದು ಮನಸ್ಸಿನ ಗುರುವಿಗೂ ಗುಲಾಮನ ಬೆನ್ನು ಬೇರೆ ಅನಿಸಿತ್ತು. ಮಗುವನ್ನು ಕೈಹಿಡಿದು ಶಾಲೆಗೆ ತಂದವನೇ ಗುಲಾಮ! 'ಪೇಡಗೋಗಸ್' ಅಂತ ಅವನನ್ನು ಕರೆಯುತ್ತಿದ್ದರು. ಚೀಲ ಹೊರೋದು, ದಾರಿಯಲ್ಲಿ ಕಾಯೋದು, ಶಾಲೆಯಲ್ಲಿ ಹಿಂದೆ ಕೂರೋದು, ಮನೆಗೆ ಬಂದು ಪಾಠ ಒಪ್ಪಿಸಿಕೊಳ್ಳೋದು, ಎಲ್ಲ ಅವನ ಕೆಲಸ.

ಹಾಗೆ ಹಿಂದೆ ಕೂತವನೊಬ್ಬನ ಕತೆ ಇದೆ. ರೆಮಿಯಸ್ ಪಲೇಮನ್. ಒಬ್ಬ ಹೆಂಗಸಿನ ಮನೆಯಲ್ಲಿ ಹುಟ್ಟಿದ ಗುಲಾಮ. ಮೊದಲು ನೇಯ್ಗೆ ಕಲಿತ. ಆಮೇಲೆ ಧಣಿಯ ಮಗನನ್ನು ಶಾಲೆಗೆ ಕರೆದುಕೊಂಡು ಹೋಗುವ ಕೆಲಸ ಬಂತು. ಹುಡುಗ ಕಲಿಯುವಾಗ ಇವನೂ ಕಲಿತ. ಬಿಡುಗಡೆಯಾದ ಮೇಲೆ ರೋಮ್‌ನ ಬಹುದೊಡ್ಡ ವ್ಯಾಕರಣ ಗುರು ಅನಿಸಿಕೊಂಡ. ಶಾಲೆಯಿಂದಲೇ ವರ್ಷಕ್ಕೆ 4 ಲಕ್ಷ ಸೆಸ್ಟರ್ಸ್ ನಾಣ್ಯ ಬರುತ್ತಿತ್ತಂತೆ. ಆಗಿನ ಸೈನಿಕನ ವರ್ಷದ ಸಂಬಳ 900. ಅವನ ನಡತೆ ಸರಿಯಿಲ್ಲ ಅಂತ ಚಕ್ರವರ್ತಿಗಳೇ ಹೇಳಿದರೂ ಹೆತ್ತವರು ಮಕ್ಕಳನ್ನು ಕಳಿಸೋದು ಬಿಡಲಿಲ್ಲ.

ಲೆಕ್ಕಪತ್ರ | ಮಂಗಳವಾರ ಬೆಳಗ್ಗೆ

ಪಲೇಮನ್ ಒಬ್ಬ. ಉಳಿದವರ ಕತೆಗೆ ಅಂಕಿ ಅಂಶ ಇದೆ. ಕ್ರಿ.ಶ. 301ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಬೆಲೆ, ಕೂಲಿಗಳಿಗೆ ಮಿತಿ ಹಾಕಿ ಶಾಸನ ಹೊರಡಿಸಿದ. ಅದರಲ್ಲಿ ಮೇಷ್ಟ್ರುಗಳೂ ಇದ್ದಾರೆ. ಅಕ್ಷರ ಕಲಿಸುವವನಿಗೆ ಒಬ್ಬ ಹುಡುಗನಿಗೆ ತಿಂಗಳಿಗೆ 50 ಡೆನೇರಿಯಸ್ ನಾಣ್ಯ. ಲೆಕ್ಕ ಕಲಿಸುವವನಿಗೆ 75. ಕಾವ್ಯ, ವ್ಯಾಕರಣದ ಗುರುವಿಗೆ 200. ಭಾಷಣದ ಗುರುವಿಗೆ 250.

ಅದೇ ಶಾಸನದಲ್ಲಿ ಬಡಗಿಗೆ ದಿನಕ್ಕೆ 50, ಜೊತೆಗೆ ಊಟ. ಈಗ ಲೆಕ್ಕ ಹಾಕಿ. ಅಕ್ಷರ ಕಲಿಸುವವನು ಬಡಗಿಯ ತಿಂಗಳ ಕೂಲಿ 1500 ಮುಟ್ಟಬೇಕಾದರೆ 30 ಮಕ್ಕಳು ಬೇಕು. ಎಲ್ಲರೂ ಸರಿಯಾಗಿ ಫೀಸು ಕೊಡಬೇಕು. ಊಟ ಅವನದೇ. ಕೊಡದ ಅಪ್ಪಂದಿರ ಮೇಲೆ ಮೇಷ್ಟ್ರು ಕೋರ್ಟಿಗೆ ಹೋಗಬೇಕಿತ್ತು ಅಂತ ಜುವೆನಾಲ್ ಅನ್ನೋ ಕವಿ ಬರೆದಿದ್ದಾನೆ. ಬೆಳಕು ಹರಿಯುವ ಮೊದಲೇ ಶುರುವಾಗುತ್ತಿದ್ದ ಪಾಠದಲ್ಲಿ ದೀಪದ ಹೊಗೆ ಹತ್ತಿ ವರ್ಜಿಲ್ ಅನ್ನೋ ಮಹಾಕವಿಯ ಪುಸ್ತಕ ಕಪ್ಪಾಗಿತ್ತು ಅಂತಲೂ ಹೇಳುತ್ತಾನೆ.

ಸರಕಾರ ಕೊಟ್ಟದ್ದೂ ಮೇಲಿನವರಿಗೇ. ವೆಸ್ಪೇಷಿಯನ್ ಚಕ್ರವರ್ತಿ ಭಾಷಣದ ಗುರುಗಳಿಗೆ ಖಜಾನೆಯಿಂದ ವರ್ಷಕ್ಕೆ 1 ಲಕ್ಷ ಸೆಸ್ಟರ್ಸ್ ಕೊಟ್ಟ. ವ್ಯಾಕರಣ, ಭಾಷಣದ ಗುರುಗಳಿಗೆ ಊರ ಬಿಟ್ಟಿ ಹೊಣೆಗಳಿಂದ ವಿನಾಯಿತಿ ಸಿಕ್ಕಿತು. ಮಕ್ಕಳಿಗೆ ಮೊದಲ ಅಕ್ಷರ ಕಲಿಸುವವರಿಗೆ ಈ ವಿನಾಯಿತಿ ಇಲ್ಲ ಅಂತ ರೋಮನ್ ಕಾನೂನಿನಲ್ಲಿ ಬಿಡಿಸಿಯೇ ಬರೆದಿದೆ.

ಬಳಪ | ಮಂಗಳವಾರ ಮಧ್ಯಾಹ್ನ

ಇದನ್ನು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಮೊದಲ ಅಕ್ಷರ ಇಲ್ಲದೆ ವರ್ಜಿಲ್ ಎಲ್ಲಿ, ಭಾಷಣ ಎಲ್ಲಿ? ಮಗುವಿನ ಬೆರಳು ಹಿಡಿದವರಿಗೇ ಎಲ್ಲಕ್ಕಿಂತ ಕಡಿಮೆ. ಆ ಮೇಷ್ಟ್ರುಗಳಲ್ಲಿ ಒಬ್ಬರದ್ದಾದರೂ ಹೆಸರು ಉಳಿದಿದೆಯಾ? ದೊಡ್ಡವರ ಗುರುಗಳ ಹೆಸರು ಬೇಡ. ಪುಟ್ಟ ಮಕ್ಕಳ ಮೇಷ್ಟ್ರದ್ದು.

ತುಂಗಾತೀರ | ಮಂಗಳವಾರ ಸಂಜೆ

ಉಳಿದಿದೆ. ಇಟಲಿಯ ಕಾಪುವಾ ಊರಲ್ಲಿ ಒಂದು ಸಮಾಧಿ ಕಲ್ಲು ಸಿಕ್ಕಿದೆ. ಫ್ಯೂರಿಯಸ್ ಫಿಲೊಕಾಲಸ್, ಅಕ್ಷರ ಶಾಲೆಯ ಮೇಷ್ಟ್ರು. ಕೈಬಿಗಿ ಹಿಡಿದು ಬದುಕಿದ, ಶಿಷ್ಯರ ಜೊತೆ ತೀರ ಶುದ್ಧವಾಗಿ ನಡೆದುಕೊಂಡ, ಜನರ ಉಯಿಲುಗಳನ್ನು ನಂಬಿಕೆಯಿಂದ ಬರೆದುಕೊಟ್ಟ, ಯಾರಿಗೂ ಇಲ್ಲ ಅನ್ನಲಿಲ್ಲ, ಯಾರಿಗೂ ನೋವು ಮಾಡಲಿಲ್ಲ ಅಂತ ಅದರಲ್ಲಿ ಕೆತ್ತಿದೆ. ಉಯಿಲು ಬರೆದದ್ದು ಸಂಪಾದನೆ ಸಾಲದ್ದಕ್ಕೆ ಅಂತ ನನ್ನ ಊಹೆ. ಲೆಕ್ಕಪತ್ರ ಅವರ ಲೆಕ್ಕ ನೋಡಿದ ಮೇಲೆ ಬೇರೆ ಏನು ತಾನೇ ಅನ್ನಿಸುತ್ತೆ?

ಬಳಪ | ಮಂಗಳವಾರ ಸಂಜೆ

ಯಾರಿಗೂ ನೋವು ಮಾಡಲಿಲ್ಲ. ಮಲೆನಾಡಹುಡುಗ ಅವರೇ, ಇದನ್ನು ಓದಿದಿರಾ?

ಮಲೆನಾಡಹುಡುಗ | ಮಂಗಳವಾರ ರಾತ್ರಿ

ಓದಿದೆ. ಎರಡು ಸಲ ಓದಿದೆ.

ಹೊಸಓದುಗ | ಮಂಗಳವಾರ ರಾತ್ರಿ

ಲೆಕ್ಕ ಹೇಗೆ ಕಲಿಸುತ್ತಿದ್ದರು? ರೋಮನ್ ಅಂಕಿ ಇಟ್ಟುಕೊಂಡು ಕೂಡಿ ಕಳೆಯೋದು ಕಷ್ಟ ಅಲ್ವಾ?

ಲೆಕ್ಕಪತ್ರ | ಮಂಗಳವಾರ ರಾತ್ರಿ

ಬರೆದು ಕೂಡುತ್ತಿರಲಿಲ್ಲ. ಬೆರಳು, ಮಣಿಚೌಕಟ್ಟು, ಹರಳುಕಲ್ಲು. ಭಿನ್ನರಾಶಿ ಮಾತ್ರ ಬಾಯಲ್ಲಿ. ನಮ್ಮ ಅಜ್ಜಂದಿರ ಕಾಲು, ಅರೆ, ಮುಕ್ಕಾಲು, ವೀಸದ ಮಗ್ಗಿ ಹದಿನಾರರ ಮೇಲೆ ನಿಂತಿದ್ದರೆ ಅವರದ್ದು ಹನ್ನೆರಡರ ಮೇಲೆ. ಹೊರೇಸ್ ಒಂದು ತರಗತಿಯ ತುಣುಕನ್ನೇ ಕೊಟ್ಟಿದ್ದಾನೆ. ಹನ್ನೆರಡರಲ್ಲಿ ಐದು ಪಾಲಿನಿಂದ ಒಂದು ಪಾಲು ತೆಗೆದರೆ ಎಷ್ಟು? ಮೂರನೇ ಒಂದು ಭಾಗ. ಭೇಷ್, ನಿನ್ನ ದುಡ್ಡು ನೀನು ಉಳಿಸಿಕೊಳ್ಳುತ್ತೀಯ! ತೆಗೆಯೋ ಬದಲು ಒಂದು ಸೇರಿಸಿದ್ದರೆ? ಅರ್ಧ. ಅಗಸ್ಟೀನ್‌ಗೆ ಮಾತ್ರ ಒಂದೂ ಒಂದೂ ಎರಡು, ಎರಡೂ ಎರಡೂ ನಾಲ್ಕು ಅಂತ ರಾಗ ಎಳೆಯೋದು ಆಗದ ಮಾತು. ಅವನಿಗೆ ಟ್ರಾಯ್ ಪಟ್ಟಣದ ಮರದ ಕುದುರೆಯ ಕತೆಯೇ ಬೇಕಿತ್ತು.

ಕಾವೇರಿಮಗಳು | ಬುಧವಾರ ಬೆಳಗ್ಗೆ

ಪ್ರಶ್ನೆ ಕೇಳಿದ್ದು ಹುಡುಗಿ. ಹುಡುಗಿಯರ ವಿಷಯ ಬರಲೇ ಇಲ್ಲವಲ್ಲ. ಅವರೂ ಹೋಗುತ್ತಿದ್ದರು. ಕೋಳಿ ಕೂಗುವ ಮುಂಚೆ ಕಿರುಚಿ ನಿದ್ದೆಗೆಡಿಸುವ ಮೇಷ್ಟ್ರ ಮೇಲೆ ಮಾರ್ಷಿಯಲ್ ಅನ್ನೋ ಕವಿ ರೇಗುತ್ತಾನೆ. ಅಲ್ಲಿ ಆ ಮೇಷ್ಟ್ರನ್ನು ಕಂಡರೆ ಹುಡುಗರಿಗೂ ಹುಡುಗಿಯರಿಗೂ ಆಗಲ್ಲ ಅಂತಾನೆ. ಅಂದರೆ ಇಬ್ಬರೂ ಅದೇ ಬೆಂಚಿನಲ್ಲಿ ಇದ್ದರು. ಆದರೆ ಹನ್ನೆರಡು ತುಂಬಿದರೆ ಕಾನೂನಿನ ಪ್ರಕಾರ ಮದುವೆ ಮಾಡಬಹುದಿತ್ತು. ಹೆಚ್ಚಿನ ಹುಡುಗಿಯರ ಓದು ಅಲ್ಲಿಗೇ ಮುಗಿಯುತ್ತಿತ್ತು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಹಾಗೇ ಕಲಿಸಬೇಕು ಅಂತ ಮುಸೋನಿಯಸ್ ರೂಫಸ್ ಅನ್ನೋ ತತ್ವಜ್ಞಾನಿ ಕ್ರಿ.ಶ. 1ನೇ ಶತಮಾನದಲ್ಲೇ ವಾದಿಸಿದ. ಕೇಳಿದವರು ಕಡಿಮೆ.

ಆ ಹುಡುಗಿಗೆ ಮಿನಿಸಿಯಾ ಮಾರ್ಸೆಲ್ಲಾ ಕತೆ ಹೇಳಿ. ಪ್ಲಿನಿ ಅನ್ನೋ ರೋಮನ್ ಲೇಖಕ ಒಂದು ಕಾಗದದಲ್ಲಿ ಅವಳ ಬಗ್ಗೆ ಬರೆದಿದ್ದಾನೆ. ಆಸೆಯಿಂದ ಓದುತ್ತಿದ್ದಳು. ದಾದಿಯರನ್ನು, ಜೊತೆಗಾರರನ್ನು, ಮೇಷ್ಟ್ರುಗಳನ್ನು ಅವರವರಿಗೆ ತಕ್ಕ ಹಾಗೆ ಪ್ರೀತಿಸುತ್ತಿದ್ದಳು. ಮದುವೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಬಟ್ಟೆ ಮುತ್ತಿಗೆ ಅಂತ ಇಟ್ಟ ಹಣವನ್ನು ಅಪ್ಪ ಧೂಪಕ್ಕೆ ಖರ್ಚು ಮಾಡಬೇಕಾಯಿತು. ಅವಳ ಅಸ್ಥಿಯ ಕಲ್ಲು ರೋಮ್‌ನ ಹೊರಗೆ ಸಿಕ್ಕಿದೆ. 12 ವರ್ಷ, 11 ತಿಂಗಳು, 7 ದಿನ. ಏಳನೇ ತರಗತಿಯ ವಯಸ್ಸು.

ಮಲೆನಾಡಹುಡುಗ | ಬುಧವಾರ ಮಧ್ಯಾಹ್ನ

ಈ ಶಾಲಾ ಕಾಗದಗಳೆಲ್ಲ ಈಜಿಪ್ಟಿನ ಆಕ್ಸಿರಿಂಕಸ್ ತಿಪ್ಪೆಯಲ್ಲೇ ಸಿಕ್ಕಿದ್ದಾ? ಕನ್ನಡ ಮಾತು ಇದೆ ಅನ್ನೋ ಗ್ರೀಕ್ ಪ್ರಹಸನ ಸಿಕ್ಕ ಜಾಗ?

ತುಂಗಾತೀರ | ಬುಧವಾರ ಮಧ್ಯಾಹ್ನ

ಅದೇ ತಿಪ್ಪೆಯಲ್ಲಿ ಶಾಲಾ ಮಕ್ಕಳ ಬರಹವೂ ಇದೆ, ಬೇರೆ ಊರುಗಳಲ್ಲೂ ಸಿಕ್ಕಿದೆ. ಪ್ರಹಸನದಲ್ಲಿರೋದು ಕನ್ನಡ ಅಂತ ಕೆಲವು ವಿದ್ವಾಂಸರು, ಅಲ್ಲ ಅಂತ ಕೆಲವರು. ಅದಕ್ಕೆ ಬೇರೆ ಎಳೆ ಶುರು ಮಾಡಿ, ನಾನೂ ಬರುತ್ತೇನೆ.

ಇಲ್ಲಿ ಇನ್ನೊಂದು ಊರಿನ ಮಾತು ಬಾಕಿ ಇದೆ. ಶಾಲೆ ಅಪ್ಪಂದಿರ ಹೊಣೆ ಅಂದೆವಲ್ಲ. ಪ್ಲಿನಿ ಒಮ್ಮೆ ತನ್ನ ಹುಟ್ಟೂರು ಕೋಮಂಗೆ ಹೋದಾಗ ಗೆಳೆಯನ ಮಗ ನೋಡಲು ಬಂದ. ಓದುತ್ತೀಯಾ? ಹೂಂ. ಎಲ್ಲಿ? ಮೆಡಿಯೊಲಾನಂನಲ್ಲಿ, ಅಂದರೆ ಇವತ್ತಿನ ಮಿಲಾನ್. ಯಾಕೆ, ಇಲ್ಲೇ ಯಾಕಿಲ್ಲ? ಪಕ್ಕದಲ್ಲಿದ್ದ ಅಪ್ಪ ಹೇಳಿದ, ಇಲ್ಲಿ ಮೇಷ್ಟ್ರೇ ಇಲ್ಲವಲ್ಲ. ಪ್ಲಿನಿ ಅಲ್ಲಿದ್ದ ಅಪ್ಪಂದಿರನ್ನೆಲ್ಲ ಉದ್ದೇಶಿಸಿ ಮಾತಾಡಿದ. ಮಕ್ಕಳ ವಸತಿಗೆ, ಪ್ರಯಾಣಕ್ಕೆ ಸುರಿಯುವ ಹಣವನ್ನೇ ಮೇಷ್ಟ್ರ ಸಂಬಳಕ್ಕೆ ಹಾಕಿ, ಮೂರನೇ ಒಂದು ಪಾಲು ನಾನು ಕೊಡುತ್ತೇನೆ ಅಂದ. ಅವನಿಗೆ ಮಕ್ಕಳಿರಲಿಲ್ಲ. ಪೂರ್ತಿ ಕೊಡಲು ಶಕ್ತಿ ಇತ್ತು, ಕೊಡಲಿಲ್ಲ. ಪೂರ್ತಿ ದಾನದ ಹಣವಾದರೆ ವಶೀಲಿಯವರು ಮೇಷ್ಟ್ರಾಗುತ್ತಾರೆ, ಹೆತ್ತವರ ದುಡ್ಡೂ ಇದ್ದರೆ ಅವರು ಕಣ್ಣಿಟ್ಟು ಒಳ್ಳೆಯವರನ್ನು ಆರಿಸುತ್ತಾರೆ ಅಂತ ಅವನ ಲೆಕ್ಕ. ಈ ಮಾತು ನನಗೆ ಸರಿ ಅನಿಸುತ್ತೆ.

ಅರಳೀಕಟ್ಟೆ | ಬುಧವಾರ ಸಂಜೆ

ದುಡ್ಡು ಹಾಕಬಲ್ಲ ಅಪ್ಪಂದಿರಿಗೆ ಸರಿ. ಆ ಊರಿನ ಕುಂಬಾರನ ಮಗ, ಗುಲಾಮನ ಮಗಳು ಆ ಲೆಕ್ಕದಲ್ಲಿ ಎಲ್ಲೂ ಬರಲ್ಲ.

ತುಂಗಾತೀರ | ಬುಧವಾರ ಸಂಜೆ

ನಿಜ. ಬರಲ್ಲ.

ಬಳಪ | ಶುಕ್ರವಾರ ಸಂಜೆ

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ಅವಳಿಗೆ ಹೇಳಿದೆ. ಆಗಿನ ಶಾಲಾ ಮಕ್ಕಳ ಎರಡು ಭಾಷೆಯ ಪಾಠವೊಂದನ್ನು ಹುಡುಕಿ ಓದಿಕೊಂಡಿದ್ದೆ, ಅದರಿಂದಲೇ ಶುರು ಮಾಡಿದೆ. ಹುಡುಗ ಎದ್ದು, ಮುಖ ತೊಳೆದು ಶಾಲೆಗೆ ಹೋಗುತ್ತಾನೆ. ಮೇಷ್ಟ್ರಿಗೆ ನಮಸ್ಕಾರ ಹೇಳುತ್ತಾನೆ. ಜರುಗಿ, ಇದು ನನ್ನ ಜಾಗ, ನಾನು ಹಿಡಿದದ್ದು ಅಂತಾನೆ. ಅಷ್ಟಕ್ಕೇ ಅವಳಿಗೆ ನಗು ತಡೆಯಲಿಲ್ಲ. ಮಧ್ಯಾಹ್ನ ಮನೆಗೆ ಹೋಗಿ ಬಿಳಿ ರೊಟ್ಟಿ, ಆಲಿವ್ ಕಾಯಿ, ಚೀಸ್, ಒಣ ಅಂಜೂರ ತಿಂದು ತಣ್ಣೀರು ಕುಡಿದು ವಾಪಸ್ ಬರುತ್ತಾನೆ.

ಬ್ರಿಟನ್ನಿನ ವಿಂಡೊಲಾಂಡ ಕೋಟೆಯ ವಿಷಯವನ್ನೂ ಹೇಳಿದೆ. ಕ್ರಿ.ಶ. 100ರ ಸುಮಾರಿನದು. ತೆಳು ಮರದ ಹಾಳೆಯಲ್ಲಿ ಯಾರೋ ವರ್ಜಿಲ್‌ನ ಒಂದು ಸಾಲನ್ನು ತಪ್ಪು ತಪ್ಪಾಗಿ ಬರೆದಿದ್ದಾರೆ. ದಳಪತಿಯ ಮನೆಯ ಮಗು ಇರಬಹುದು ಅಂತಾರೆ. ಮುಂದೆ ಬೇರೆ ಕೈಬರಹದಲ್ಲಿ ನಾಲ್ಕೇ ಅಕ್ಷರ. 'ಉದಾಸೀನ' ಅನ್ನುವ ಅರ್ಥದ ಪದದ ಮೊದಲ ಅಕ್ಷರಗಳು ಅಂತ ಹಲವರು ಓದುತ್ತಾರೆ. ಅವಳು ಕೇಳಿದಳು, "ಆಮೇಲೆ ಸರಿಯಾಗಿ ಬರೆದನಾ ಮಿಸ್?"

ಈಗ ಅವಳಿಗೆ ಮೇಣದ ಹಲಗೆ ಮಾಡಬೇಕಂತೆ. ಶನಿವಾರ ಮಾಡೋಣ ಅಂದಿದ್ದೇನೆ. ಮೇಣದಬತ್ತಿ ಕರಗಿಸಿದರೆ ಸಾಕಾ?

ತುಂಗಾತೀರ | ಶುಕ್ರವಾರ ರಾತ್ರಿ

ಮೇಣದಬತ್ತಿಯದ್ದು ಗಟ್ಟಿ, ಚಕ್ಕೆ ಏಳುತ್ತೆ. ಜೇನುಮೇಣ ತನ್ನಿ. ಕರಗಿಸುವಾಗ ದೀಪದ ಕಾಡಿಗೆ ಸ್ವಲ್ಪ ಬೆರೆಸಿ, ರೋಮನ್ನರ ಮೇಣವೂ ಹೆಚ್ಚಾಗಿ ಕಪ್ಪೇ. ಗೀರಿದ ಕಡೆ ಕೆಳಗಿನ ಮರ ಬೆಳ್ಳಗೆ ಕಾಣುತ್ತೆ. ಪಾತ್ರೆಯನ್ನು ನೇರ ಒಲೆಗೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇಡಿ. ಮಕ್ಕಳ ಕೈ ದೂರ ಇರಲಿ. ಅಂಚು ಎತ್ತರ ಬಿಡೋದು ಮರೆಯಬೇಡಿ. ಎರಡು ಹಲಗೆ ಮಡಚಿದಾಗ ಮೇಣಕ್ಕೆ ಮೇಣ ತಾಗಬಾರದು.

ಬಳಪ | ಶುಕ್ರವಾರ ರಾತ್ರಿ

ಕಡ್ಡಿಯ ಹಿಂದಿನ ತುದಿ ಚಪ್ಪಟೆ ಇರಬೇಕು ಅಂತ ಅವಳಿಗೆ ಆಗಲೇ ಹೇಳಿದ್ದೇನೆ. ಅಪ್ಪನ ಹತ್ತಿರ ಉಜ್ಜಿಸಿಕೊಂಡು ಬರುತ್ತಾಳಂತೆ.